ಗರ್ಭಾವಸ್ಥೆಯಲ್ಲಿ ಪೋಷಣೆ: ಬಳ್ಳಾರಿ ಪ್ರದೇಶ

ಗರ್ಭಾವಸ್ಥೆಯ ಪೋಷಣೆ ಎಂದರೆ ಗರ್ಭಿಣಿಗೂ ಒಡಲಿನ ಶಿಶುವಿಗೂ ಬೇಕಾದ ಶಕ್ತಿ, ಸಸಾರಜನಕ, ಖನಿಜ ಮತ್ತು ಜೀವಸತ್ವಗಳನ್ನು ಆಹಾರದಿಂದಲೂ ಮಾತ್ರೆಗಳಿಂದಲೂ ಒದಗಿಸುವುದು. ಇಬ್ಬರ ಊಟವನ್ನು ಒಬ್ಬಳೇ ಉಣ್ಣಬೇಕೆಂಬ ರೂಢಿಯ ಮಾತು ಅಳತೆಗೆ ಹೊಂದುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದುದು ಸುಮಾರು 350 ಕಿಲೊಕ್ಯಾಲರಿ ಮಾತ್ರ. ಸಸಾರಜನಕವಾದರೋ ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚು ಬೇಕು.

ಧಾನ್ಯ ಮತ್ತು ಕಬ್ಬಿಣಾಂಶ

ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಸಿರುಗುಪ್ಪ, ಕುರುಗೋಡು ಭಾಗಗಳಲ್ಲಿ ಭತ್ತದ ಬೆಳೆ ಹಬ್ಬಿತು. ಇಲ್ಲಿನ ಹಳೆಯ ಊಟವಾದ ಜೋಳ, ಸಜ್ಜೆಯ ರೊಟ್ಟಿಯೊಡನೆ ಅನ್ನವನ್ನು ಹೋಲಿಸಿದರೆ ವ್ಯತ್ಯಾಸ ದೊಡ್ಡದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿ.ಗ್ರಾಂ, ಜೋಳದಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣಾಂಶವಿದ್ದರೆ, ಬಿಳಿ ಅಕ್ಕಿಯಲ್ಲಿರುವುದು 1 ಮಿ.ಗ್ರಾಂಗಿಂತಲೂ ಕಡಿಮೆ. ಹೊಟ್ಟೆ ತುಂಬಿದರೂ ರಕ್ತಹೀನತೆ ಉಳಿಯಲು ಇದೂ ಒಂದು ಕಾರಣ. ಧಾನ್ಯದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳದು; ನಿಂಬೆರಸ, ನೆಲ್ಲಿಕಾಯಿ ಅದಕ್ಕೆ ನೆರವಾಗುತ್ತವೆ, ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ರೊಟ್ಟಿಯೊಡನೆ ಸೊಪ್ಪಿನ ಪಲ್ಯ, ಬೇಳೆ, ಶೇಂಗಾ ಚಟ್ನಿ, ಮೊಸರು ಬಡಿಸುವ ಇಲ್ಲಿನ ವಾಡಿಕೆ ಈ ದೃಷ್ಟಿಯಿಂದ ಉತ್ತಮವಾದುದು. ಮಣ್ಣು ತಿನ್ನುವ ಆಸೆಯನ್ನು ಬಯಕೆಯೆಂದು ನಕ್ಕು ಬಿಡಬಾರದು. ಅದು ಕಬ್ಬಿಣದ ಕೊರತೆಯ ಸೂಚನೆಯಾಗಿರಬಹುದು.

ಮಾತ್ರೆಗಳು

ಶಿಶುವಿನ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೇ ಮುಚ್ಚಿಕೊಳ್ಳುವುದರಿಂದ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸುವುದು ಮೇಲು. ನಾಲ್ಕನೆಯ ತಿಂಗಳಿನಿಂದ ನಿತ್ಯ 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಕನಿಷ್ಠ 180 ದಿನ ಕೊಡುವುದು ಸರ್ಕಾರದ ಕ್ರಮ. ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಡನೆ ಸೇವಿಸದೆ ಬೇರೆ ಹೊತ್ತಿನಲ್ಲಿ ಸೇವಿಸಬೇಕು. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ನಿಲ್ಲಿಸುವವರುಂಟು. ಆ ಬಣ್ಣ ಅಪಾಯದ್ದಲ್ಲ.

ಮಾತೃಪೂರ್ಣ ಯೋಜನೆ

ಕರ್ನಾಟಕ ಸರ್ಕಾರವು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ತಂದ ಈ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಬಿಸಿಯೂಟ ನೀಡಲಾಗುತ್ತದೆ. ಅನ್ನ, ಸಾಂಬಾರು, ಹಾಲು, ಮೊಟ್ಟೆ ಅಥವಾ ಮೊಳಕೆ ಕಾಳು, ಶೇಂಗಾ ಚಿಕ್ಕಿ ಅದರಲ್ಲಿ ಸೇರಿವೆ. ಮನೆಯಲ್ಲಿ ಎಲ್ಲರ ನಂತರ ಉಣ್ಣುವ ಸೊಸೆಗೆ ತನ್ನದೇ ಆದ ಒಂದು ತಟ್ಟೆ ದೊರೆಯುವುದು ಇದರ ನಿಜವಾದ ಬಲ. ನಾಟಿಯ ದಿನಗಳಲ್ಲಿ ಗದ್ದೆಗೆ ಹೋಗುವ ಕೂಲಿಕಾರ್ತಿಯರಿಗೆ ಮಧ್ಯಾಹ್ನ ಅಂಗನವಾಡಿಗೆ ಬರುವುದು ಸುಲಭವಲ್ಲ.

ತಪ್ಪು ನಂಬಿಕೆಗಳು

ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಊಟ ತಗ್ಗಿಸುವ ರೂಢಿ ಹಾನಿಕರ. ಅದರಿಂದ ಕಡಿಮೆ ತೂಕದ ಶಿಶು ಹುಟ್ಟುವ ಸಂಭವ ಹೆಚ್ಚುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7 ಗ್ರಾಂಗಿಂತ ಇಳಿದರೆ ಆಹಾರವೊಂದರಿಂದ ಸರಿಪಡಿಸಲಾಗದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.