ಮಂಡ್ಯ ಜಿಲ್ಲೆಯಲ್ಲಿ ರೈಲು ಸಾರಿಗೆ

ಮಂಡ್ಯ ಜಿಲ್ಲೆಯ ರೈಲು ಸಾರಿಗೆಯು ಮೂರು ಮಾರ್ಗಗಳನ್ನು ಅವಲಂಬಿಸಿದೆ. ಮದ್ದೂರು, ಮಂಡ್ಯ, ಪಾಂಡವಪುರ ಮತ್ತು ಶ್ರೀರಂಗಪಟ್ಟಣಗಳ ಮೂಲಕ ಹಾದುಹೋಗುವ ಬೆಂಗಳೂರು–ಮೈಸೂರು ಮಾರ್ಗ ಇವುಗಳಲ್ಲಿ ಅತ್ಯಂತ ಹಳೆಯದು. ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ತಾಲೂಕನ್ನು ಮೈಸೂರು–ಹಾಸನ–ಅರಸೀಕೆರೆ ಮಾರ್ಗವೂ, ನಾಗಮಂಗಲ ತಾಲೂಕನ್ನು ಬೆಂಗಳೂರು–ಕುಣಿಗಲ್–ಹಾಸನ ಮಾರ್ಗವೂ ಮುಟ್ಟುತ್ತವೆ. ಈ ಮೂರೂ ಮಾರ್ಗಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ನೈಋತ್ಯ ರೈಲ್ವೆ ವಲಯಕ್ಕೆ ಸೇರಿವೆ. ದೂರದ ಊರುಗಳಿಗೆ ಹೋಗುವ ವೇಗದ ರೈಲುಗಳೂ, ವಿದ್ಯಾರ್ಥಿಗಳು, ನೌಕರರು ಹಾಗೂ ರೈತರು ನಿತ್ಯ ಬಳಸುವ ಪ್ಯಾಸೆಂಜರ್ ರೈಲುಗಳೂ ಒಂದೇ ಹಳಿಯನ್ನು ಹಂಚಿಕೊಳ್ಳುವುದರಿಂದ, ಬೋಗಿಗಳ ಬದಲಾವಣೆ, ಪ್ರಯಾಣ ದರದ ಏರಿಕೆ ಮತ್ತು ಸುರಕ್ಷತೆಯ ಪ್ರಶ್ನೆಗಳು ಇಲ್ಲಿನ ಜನಜೀವನಕ್ಕೆ ನೇರವಾಗಿ ಸಂಬಂಧಿಸಿವೆ.

ಇತಿಹಾಸ

1876–78ರ ಭೀಕರ ಬರಗಾಲವು ಮೈಸೂರು ಸಂಸ್ಥಾನದಲ್ಲಿ ಅಪಾರ ಪ್ರಾಣಹಾನಿಯನ್ನು ಉಂಟುಮಾಡಿತು. ಹೊರಗಿನಿಂದ ಬಂದ ಧಾನ್ಯವನ್ನು ಒಳನಾಡಿಗೆ ತಲುಪಿಸಲು ರೈಲು ಇಲ್ಲದಿದ್ದುದು ದೊಡ್ಡ ಕೊರತೆಯಾಗಿ ಕಂಡಿತು. ಬರಪರಿಹಾರದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ನಡುವೆ ಹಳಿ ಹಾಸುವ ಕೆಲಸವೂ ಸೇರಿತ್ತು. ಮೀಟರ್ ಗೇಜಿನ ಈ ಮಾರ್ಗವು ಹಂತಹಂತವಾಗಿ ಮುಂದುವರಿದು 1882ರಲ್ಲಿ ಮೈಸೂರನ್ನು ತಲುಪಿತು. ಇಂದಿನ ಪಾಂಡವಪುರವನ್ನು ಆಗ ಫ್ರೆಂಚ್ ರಾಕ್ಸ್ ಎಂದು ಕರೆಯಲಾಗುತ್ತಿತ್ತು.

ಮೈಸೂರಿನಿಂದ ಹಾಸನ, ಅರಸೀಕೆರೆಗಳ ಕಡೆಗೆ ಹೋಗುವ ಮಾರ್ಗವು 1910ರ ದಶಕದ ಕೊನೆಯ ಭಾಗಕ್ಕೆ ಸೇರಿದೆ. ಶ್ರೀರಂಗಪಟ್ಟಣ ತಾಲೂಕಿನ ಬೆಳಗೊಳ, ಕೃಷ್ಣರಾಜಸಾಗರಗಳನ್ನು ದಾಟಿ ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಮೂಲಕ ಸಾಗುವ ಈ ಮಾರ್ಗ, ಕೆ.ಆರ್. ಪೇಟೆ ತಾಲೂಕಿನಲ್ಲಿ ಅಕ್ಕಿಹೆಬ್ಬಾಳು ಮತ್ತು ಮಂದಗೆರೆ ನಿಲ್ದಾಣಗಳನ್ನು ಹೊಂದಿದೆ. ಕಲ್ಯಾಣ ವೆಂಕಟರಮಣಸ್ವಾಮಿ ದೇವಾಲಯ ಮತ್ತು ದನಗಳ ಜಾತ್ರೆಗೆ ಹೆಸರಾದ ಹೇಮಗಿರಿ ಹೇಮಾವತಿ ನದಿಯ ಇದೇ ಸೀಮೆಯಲ್ಲಿದೆ. ಆದರೆ ತಾಲೂಕು ಕೇಂದ್ರವಾದ ಕೆ.ಆರ್. ಪೇಟೆ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ.

ನಾಗಮಂಗಲ ಪಟ್ಟಣದ ಸ್ಥಿತಿಯೂ ಇದೇ ಬಗೆಯದು. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ ಕಾಲದ ಬೆಂಗಳೂರು–ಹಾಸನ ಹೊಸ ಮಾರ್ಗದ ಯೋಜನೆಯು ದೀರ್ಘಕಾಲ ನಡೆದು, ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಪ್ರಯಾಣಿಕರ ರೈಲು ಓಡಲು ಆರಂಭವಾದದ್ದು 2017ರ ಮಾರ್ಚ್ ತಿಂಗಳಲ್ಲಿ. ಈ ಮಾರ್ಗದಲ್ಲಿ ನಾಗಮಂಗಲ ತಾಲೂಕಿಗೆ ದೊರೆತದ್ದು ಬೆಳ್ಳೂರು ಬಳಿಯ ಬಿ.ಜಿ. ನಗರ ನಿಲ್ದಾಣ. ಹೀಗೆ ಜಿಲ್ಲೆಯ ಪೂರ್ವ–ಪಶ್ಚಿಮ ಅಕ್ಷಕ್ಕೆ ರೈಲು ಬಂದು 135 ವರ್ಷಗಳು ಕಳೆದ ಮೇಲೆ ಉತ್ತರ ಭಾಗಕ್ಕೆ ರೈಲು ಬಂದಿತು.

ಆಡಳಿತದ ದೃಷ್ಟಿಯಿಂದ, ಮೈಸೂರು ಸಂಸ್ಥಾನದ ರೈಲ್ವೆಯು 1951ರಲ್ಲಿ ರಚನೆಯಾದ ದಕ್ಷಿಣ ರೈಲ್ವೆಯಲ್ಲಿ ವಿಲೀನಗೊಂಡಿತು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ಪ್ರತ್ಯೇಕ ವಲಯವಾಗಿ ಕಾರ್ಯಾರಂಭ ಮಾಡಿತು.

ಗೇಜ್ ಪರಿವರ್ತನೆ ಮತ್ತು ಜೋಡಿ ಮಾರ್ಗ

ಮೀಟರ್ ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1,000 ಮಿ.ಮೀ., ಬ್ರಾಡ್ ಗೇಜಿನಲ್ಲಿ 1,676 ಮಿ.ಮೀ. ಗೇಜ್ ಬೇರೆಯಾದಾಗ ಒಂದು ಮಾರ್ಗದ ಬೋಗಿ ಇನ್ನೊಂದು ಮಾರ್ಗದಲ್ಲಿ ಓಡಲಾರದು; ಪ್ರಯಾಣಿಕರು ಮತ್ತು ಸರಕು ನಡುವೆ ರೈಲು ಬದಲಾಯಿಸಬೇಕಾಗುತ್ತದೆ. ಕರ್ನಾಟಕದವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದ 1991–95ರ ಅವಧಿಯಲ್ಲಿ ದೇಶದ ಮಾರ್ಗಗಳನ್ನು ಒಂದೇ ಗೇಜಿಗೆ ತರುವ ಏಕಗೇಜ್ ಯೋಜನೆ ಆರಂಭವಾಯಿತು. ಬೆಂಗಳೂರು–ಮೈಸೂರು ಮತ್ತು ಮೈಸೂರು–ಹಾಸನ–ಅರಸೀಕೆರೆ ಮಾರ್ಗಗಳು 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಬದಲಾದವು.

ಮುಂದಿನ ಹೆಜ್ಜೆ ಜೋಡಿ ಮಾರ್ಗ. ಒಂದೇ ಹಳಿಯಿರುವಾಗ ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ಇನ್ನೊಂದು ರೈಲು ನಿಲ್ದಾಣದ ಲೂಪ್ ಲೈನಿನಲ್ಲಿ ಕಾಯಬೇಕು. ಹೋಗುವ ಮತ್ತು ಬರುವ ರೈಲುಗಳಿಗೆ ಪ್ರತ್ಯೇಕ ಹಳಿಗಳಾದಾಗ ಈ ಕಾಯುವಿಕೆ ತಪ್ಪುತ್ತದೆ. ಎದುರುಬದುರು ಡಿಕ್ಕಿಯ ಸಾಧ್ಯತೆಯೂ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಜೋಡಿಗೊಂಡು ವಿದ್ಯುದೀಕರಣಗೊಂಡ ಬೆಂಗಳೂರು–ಮೈಸೂರು ಮಾರ್ಗವನ್ನು ಪ್ರಧಾನಿ ನರೇಂದ್ರ ಮೋದಿ ಅವರು 2018ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ರಾಷ್ಟ್ರಕ್ಕೆ ಸಮರ್ಪಿಸಿದರು.

ಶ್ರೀರಂಗಪಟ್ಟಣದ ಶಸ್ತ್ರಾಗಾರದ ಸ್ಥಳಾಂತರ

ಜೋಡಿ ಮಾರ್ಗದ ಕಾಮಗಾರಿಗೆ ಎದುರಾದ ಪ್ರಮುಖ ಅಡಚಣೆಗಳಲ್ಲಿ ಒಂದು ಶ್ರೀರಂಗಪಟ್ಟಣದಲ್ಲಿತ್ತು. ಇಲ್ಲಿ ರೈಲು ಮಾರ್ಗವು ಕಾವೇರಿಯ ಎರಡು ಕವಲುಗಳನ್ನು ದಾಟಿ, ಕೋಟೆಯ ಪ್ರದೇಶದೊಳಗೆ ಹಾದುಹೋಗುತ್ತದೆ. ಎರಡನೆಯ ಹಳಿ ಸಾಗಬೇಕಾಗಿದ್ದ ಜಾಗದಲ್ಲಿ ಟಿಪ್ಪು ಸುಲ್ತಾನನ ಕಾಲದ, ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಶಸ್ತ್ರಾಗಾರವೊಂದಿತ್ತು. ಸಂರಕ್ಷಿತ ಸ್ಮಾರಕವಾದುದರಿಂದ ಅದನ್ನು ಕೆಡವುವಂತಿರಲಿಲ್ಲ. ಎರಡೂ ಕಡೆಯ ಕಾಮಗಾರಿ ಮುಂದುವರಿದರೂ ಈ ಸಣ್ಣ ಭಾಗ ಉಳಿದುಕೊಂಡಿತು.

ಕಟ್ಟಡವನ್ನು ಬಿಚ್ಚದೆ ಇಡಿಯಾಗಿ ಸರಿಸುವ ಮಾರ್ಗವನ್ನು ಕೊನೆಗೆ ಆರಿಸಲಾಯಿತು. ಸುತ್ತಲಿನ ಮಣ್ಣನ್ನು ತೆಗೆದು, ಅಡಿಪಾಯದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್‌ಗಳ ನೆರವಿನಿಂದ ಕಟ್ಟಡವನ್ನು ಮೇಲೆತ್ತಲಾಯಿತು. ಸುಮಾರು 1,000 ಟನ್ ತೂಕದ ಈ ಕಟ್ಟಡವನ್ನು 2017ರ ಮಾರ್ಚ್‌ನಲ್ಲಿ ಸುಮಾರು ನೂರು ಮೀಟರ್ ಆಚೆಗೆ ಸಾಗಿಸಿ ಹೊಸ ನೆಲೆಯಲ್ಲಿ ನಿಲ್ಲಿಸಲಾಯಿತು. ಕಟ್ಟಡಗಳನ್ನು ಸರಿಸುವುದರಲ್ಲಿ ಪರಿಣತಿಯಿದ್ದ ಅಮೆರಿಕದ ಸಂಸ್ಥೆಯೊಂದು ಭಾರತೀಯ ಸಂಸ್ಥೆಯ ಜೊತೆಗೂಡಿ ಈ ಕೆಲಸ ನಿರ್ವಹಿಸಿತು.

ಎಂಜಿನ್ ಮತ್ತು ಬೋಗಿಗಳು

ಉಗಿ ಎಂಜಿನ್‌ಗಳಿಂದ ಆರಂಭವಾದ ಬೆಂಗಳೂರು–ಮೈಸೂರು ಮಾರ್ಗ ಡೀಸೆಲ್ ಎಂಜಿನ್‌ಗಳ ಕಾಲವನ್ನು ದಾಟಿ ವಿದ್ಯುತ್ ಎಂಜಿನ್‌ಗಳಿಗೆ ಬಂದಿದೆ. ಇಂದು ಇಲ್ಲಿ ನಾಲ್ಕು ಬಗೆಯ ಬೋಗಿಗಳನ್ನು ಗುರುತಿಸಬಹುದು.

ಐ.ಸಿ.ಎಫ್. ಬೋಗಿಗಳು: ಚೆನ್ನೈನ ಪೆರಂಬೂರಿನ ಕಾರ್ಖಾನೆಯಲ್ಲಿ 1955ರಿಂದ ತಯಾರಾದ ಸಾಂಪ್ರದಾಯಿಕ ಬೋಗಿಗಳಿವು. ಬೋಗಿಗಳನ್ನು ತಿರುಪಿನ ಕೊಂಡಿಯಿಂದ ಜೋಡಿಸಿ, ಎರಡು ಬದಿಗಳಲ್ಲಿ ಬಫರ್‌ಗಳನ್ನು ಅಳವಡಿಸಿರುತ್ತಾರೆ. ಅಪಘಾತದಲ್ಲಿ ಒಂದು ಬೋಗಿ ಇನ್ನೊಂದರ ಮೇಲೆ ಏರುವ ಅಪಾಯ ಇವುಗಳಲ್ಲಿ ಹೆಚ್ಚು. ಇವುಗಳ ತಯಾರಿಕೆ 2018ರಲ್ಲಿ ನಿಂತಿತು.

ಎಲ್.ಎಚ್.ಬಿ. ಬೋಗಿಗಳು: ಜರ್ಮನಿಯ ಲಿಂಕೆ ಹಾಫ್‌ಮನ್ ಬುಷ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿದ, ಸ್ಟೇನ್‌ಲೆಸ್ ಸ್ಟೀಲಿನ ಬೋಗಿಗಳು. ಇವುಗಳಲ್ಲಿ ಡಿಸ್ಕ್ ಬ್ರೇಕ್ ಇದ್ದು, ನಡುವಿನ ಕೊಂಡಿಯ ರಚನೆಯು ಹಳಿ ತಪ್ಪಿದಾಗಲೂ ಬೋಗಿಗಳು ಒಂದರ ಮೇಲೊಂದು ಏರದಂತೆ ತಡೆಯಲು ನೆರವಾಗುತ್ತದೆ.

ಮೆಮು ರೈಲುಗಳು: ಇವುಗಳಿಗೆ ಪ್ರತ್ಯೇಕ ಎಂಜಿನ್ ಬೇಡ. ಚಾಲಕ ಶಕ್ತಿ ಕೆಲವು ಬೋಗಿಗಳ ಕೆಳಭಾಗದಲ್ಲೇ ಇರುತ್ತದೆ. ನಿಂತಲ್ಲಿಂದ ಬೇಗ ವೇಗ ಪಡೆಯುವುದರಿಂದ ಸ್ವಲ್ಪ ದೂರಕ್ಕೊಮ್ಮೆ ನಿಲ್ಲುವ ರೈಲುಗಳಿಗೆ ಇವು ಸೂಕ್ತ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಕಳಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವೂ ಇಲ್ಲ.

ವಂದೇ ಭಾರತ್: ಪೆರಂಬೂರಿನಲ್ಲೇ ರೂಪುಗೊಂಡ ಈ ರೈಲಿನಲ್ಲೂ ಚಾಲಕ ಶಕ್ತಿ ಬೋಗಿಗಳಲ್ಲಿ ಹಂಚಿಕೆಯಾಗಿದೆ. ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲು 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ನಡುವೆ ಆರಂಭವಾಯಿತು.

ವಂದೇ ಭಾರತ್ ರೈಲಿನ ವಿನ್ಯಾಸ ವೇಗ ಗಂಟೆಗೆ 180 ಕಿ.ಮೀ. ಆದರೆ ಬೆಂಗಳೂರು–ಮೈಸೂರು ನಡುವಿನ ಸುಮಾರು 139 ಕಿ.ಮೀ. ಕ್ರಮಿಸಲು ಅದಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಅಂದರೆ ಸರಾಸರಿ ವೇಗ ಗಂಟೆಗೆ ಸುಮಾರು 70 ಕಿ.ಮೀ. ರೈಲಿನ ವೇಗವನ್ನು ನಿರ್ಧರಿಸುವುದು ಬೋಗಿಯ ಸಾಮರ್ಥ್ಯ ಮಾತ್ರವಲ್ಲ; ತಿರುವು, ಸೇತುವೆ, ಸಿಗ್ನಲ್ ಮತ್ತು ಅದೇ ಹಳಿಯಲ್ಲಿ ಮುಂದೆ ಸಾಗುತ್ತಿರುವ ರೈಲು ಕೂಡ. ವೇಗದ ರೈಲಿಗೆ ದಾರಿ ಬಿಡಲು ಪ್ಯಾಸೆಂಜರ್ ರೈಲನ್ನು ನಿಲ್ದಾಣದಲ್ಲಿ ತಡೆದು ನಿಲ್ಲಿಸುವುದು ಜೋಡಿ ಮಾರ್ಗದಲ್ಲೂ ತಪ್ಪಿಲ್ಲ.

ಪ್ರಯಾಣ ದರ

ರೈಲು ಪ್ರಯಾಣ ದರವು ದೂರ, ರೈಲಿನ ವರ್ಗ ಮತ್ತು ಬೋಗಿಯ ದರ್ಜೆ ಎಂಬ ಮೂರು ಅಂಶಗಳನ್ನು ಅವಲಂಬಿಸುತ್ತದೆ. ಇದಕ್ಕೆ ಸೂಪರ್‌ಫಾಸ್ಟ್ ಶುಲ್ಕ, ಕಾಯ್ದಿರಿಸುವ ಶುಲ್ಕ ಮತ್ತು ಹವಾನಿಯಂತ್ರಿತ ದರ್ಜೆಗೆ ತೆರಿಗೆ ಸೇರಬಹುದು. ಎಷ್ಟೇ ಹತ್ತಿರದ ಪ್ರಯಾಣಕ್ಕೂ ಕನಿಷ್ಠ ದರವೊಂದು ಇರುತ್ತದೆ.

2014ರ ಜೂನ್‌ನಲ್ಲಿ ಪ್ರಯಾಣ ದರ ಶೇ. 14.2ರಷ್ಟು ಏರಿತು. ಆಗ ರೈಲ್ವೆ ಸಚಿವರಾಗಿದ್ದವರು ಕರ್ನಾಟಕದ ಡಿ.ವಿ. ಸದಾನಂದ ಗೌಡ. 2017ರಿಂದ ಪ್ರತ್ಯೇಕ ರೈಲ್ವೆ ಬಜೆಟ್ ಮಂಡಿಸುವ ಪದ್ಧತಿ ಕೊನೆಗೊಂಡಿತು. 2020ರ ಜನವರಿ 1ರಿಂದ ಕಿಲೋಮೀಟರಿಗೆ ಸಾಮಾನ್ಯ ರೈಲುಗಳಲ್ಲಿ 1 ಪೈಸೆ, ಹವಾನಿಯಂತ್ರಣವಿಲ್ಲದ ಮೇಲ್ ಮತ್ತು ಎಕ್ಸ್‌ಪ್ರೆಸ್ ದರ್ಜೆಗಳಲ್ಲಿ 2 ಪೈಸೆ, ಹವಾನಿಯಂತ್ರಿತ ದರ್ಜೆಗಳಲ್ಲಿ 4 ಪೈಸೆ ಹೆಚ್ಚಳವಾಯಿತು. 2025ರ ಜುಲೈ 1ರ ಪರಿಷ್ಕರಣೆಯಲ್ಲಿ ಸಾಮಾನ್ಯ ಎರಡನೆಯ ದರ್ಜೆಗೆ 500 ಕಿ.ಮೀ.ವರೆಗೆ ಏರಿಕೆ ಇರಲಿಲ್ಲ. ಮಾಸಿಕ ಪಾಸಿನ ದರವೂ ಬದಲಾಗಲಿಲ್ಲ.

ಕಿಲೋಮೀಟರ್ ಲೆಕ್ಕದ ಏರಿಕೆಯು ಹತ್ತಿರದ ಪ್ರಯಾಣಿಕರಿಗೆ ಹೆಚ್ಚು ತಟ್ಟುವುದಿಲ್ಲ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 93 ಕಿ.ಮೀ.; 2020ರ ಏರಿಕೆಯಿಂದ ಈ ದೂರಕ್ಕೆ ಸಾಮಾನ್ಯ ರೈಲಿನಲ್ಲಿ ಸುಮಾರು ಒಂದು ರೂಪಾಯಿ, ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡು ರೂಪಾಯಿ ಹೆಚ್ಚಾಗುತ್ತದೆ. ಅವರಿಗೆ ಹೆಚ್ಚು ಹೊರೆಯಾದದ್ದು ರೈಲಿನ ವರ್ಗದ ಬದಲಾವಣೆ. 2020ರ ಕೋವಿಡ್ ಲಾಕ್‌ಡೌನ್ ನಂತರ ದೇಶದಾದ್ಯಂತ ಪ್ಯಾಸೆಂಜರ್ ರೈಲುಗಳನ್ನು ವಿಶೇಷ ರೈಲುಗಳಾಗಿ ಎಕ್ಸ್‌ಪ್ರೆಸ್ ದರದಲ್ಲಿ ಓಡಿಸಿದಾಗ ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಪಕ್ಕದ ಊರಿಗೆ ಹೋಗಿ ಬರುವವರ ವೆಚ್ಚ ಮೂರು ಪಟ್ಟಾಯಿತು. ನಿಲುಗಡೆ ಮತ್ತು ವೇಗದಲ್ಲಿ ರೈಲು ಮೊದಲಿನಂತೆಯೇ ಇತ್ತು. 2024ರ ಫೆಬ್ರವರಿಯಲ್ಲಿ 10 ರೂಪಾಯಿಯ ಕನಿಷ್ಠ ದರವನ್ನು ಮರಳಿ ತರಲಾಯಿತು.

ಮಾಸಿಕ ಪಾಸನ್ನು ಸಾಮಾನ್ಯವಾಗಿ 150 ಕಿ.ಮೀ. ದೂರದವರೆಗೆ ನೀಡಲಾಗುತ್ತದೆ. ಬೆಂಗಳೂರು–ಮೈಸೂರು ಮಾರ್ಗದ ಇಡೀ ಉದ್ದ ಈ ಮಿತಿಯೊಳಗೆ ಬರುವುದರಿಂದ, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ವಾಸವಿದ್ದು ಎರಡು ನಗರಗಳಲ್ಲಿ ಯಾವುದಾದರೊಂದಕ್ಕೆ ನಿತ್ಯ ಓಡಾಡುವುದು ಸಾಧ್ಯವಾಗಿದೆ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾಯಿತು. ರೈಲಿನ ಕಡಿಮೆ ದರವನ್ನು ಈಗ ಇವುಗಳೊಡನೆ ಹೋಲಿಸಿ ನೋಡಬೇಕಾಗಿದೆ.

ಅಪಘಾತಗಳು ಮತ್ತು ಸುರಕ್ಷತೆ

ಹೊಸ ಮಾರ್ಗವಾಗಲಿ, ಜೋಡಿ ಮಾರ್ಗವಾಗಲಿ, ಪ್ರಯಾಣಿಕರ ರೈಲಿಗೆ ತೆರೆಯುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಅದನ್ನು ಪರಿಶೀಲಿಸಬೇಕು. ಗಂಭೀರ ಅಪಘಾತಗಳ ತನಿಖೆಯೂ ಅವರದೇ. ತನಿಖೆಯು ಸ್ವತಂತ್ರವಾಗಿರಲೆಂದು ಈ ಆಯೋಗವನ್ನು ರೈಲ್ವೆ ಸಚಿವಾಲಯದ ಬದಲು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಇರಿಸಲಾಗಿದೆ.

ಮೈಸೂರು ರೈಲ್ವೆ ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ 2023ರ ಫೆಬ್ರವರಿ 8ರಂದು ನಡೆದ ಘಟನೆ ಸುರಕ್ಷತೆಯ ಅಧ್ಯಯನದಲ್ಲಿ ಮಹತ್ವದ್ದು. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ರೈಲಿಗೆ ಮುಂದುವರಿಯಲು ಸಿಗ್ನಲ್ ದೊರೆತಿತ್ತು. ಆದರೆ ಹಳಿ ಬದಲಿಸುವ ಪಾಯಿಂಟ್ ತಪ್ಪು ದಿಕ್ಕಿಗೆ ಹೊಂದಿಕೊಂಡಿತ್ತು. ಲೋಕೋ ಪೈಲಟ್ ಇದನ್ನು ಗಮನಿಸಿ ರೈಲನ್ನು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಸಿಗ್ನಲ್ ಮತ್ತು ಪಾಯಿಂಟ್‌ಗಳು ಪರಸ್ಪರ ಹೊಂದಿಕೆಯಾಗದ ಹೊರತು ರೈಲಿಗೆ ದಾರಿ ಸಿಗದಂತೆ ತಡೆಯುವ ಏರ್ಪಾಟಿಗೆ ಇಂಟರ್‌ಲಾಕಿಂಗ್ ಎಂದು ಹೆಸರು. ಈ ಏರ್ಪಾಟನ್ನು ತಪ್ಪಿಸಿ ದುರಸ್ತಿ ನಡೆಸುವುದರ ಅಪಾಯವನ್ನು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಆಗಲೇ ಪತ್ರದಲ್ಲಿ ಎಚ್ಚರಿಸಿದ್ದರು.

ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಸರಕು ರೈಲಿಗೆ ಡಿಕ್ಕಿ ಹೊಡೆಯಿತು. ಹಳಿ ತಪ್ಪಿದ ಬೋಗಿಗಳು ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್‌ಗೆ ತಗುಲಿದವು. 290ಕ್ಕೂ ಹೆಚ್ಚು ಜನ ಮೃತಪಟ್ಟರು. ಸಿಗ್ನಲ್ ಸರ್ಕಿಟ್‌ನ ಬದಲಾವಣೆಯಲ್ಲಾದ ಲೋಪವನ್ನು ಸುರಕ್ಷತಾ ಆಯುಕ್ತರ ತನಿಖೆ ಗುರುತಿಸಿತು. ಹೊಸದುರ್ಗದ ಪತ್ರ ದೇಶದ ಗಮನ ಸೆಳೆದದ್ದು ಈ ದುರಂತದ ನಂತರವೇ.

2024ರ ಅಕ್ಟೋಬರ್ 11ರಂದು ತಮಿಳುನಾಡಿನ ಕವರೈಪೇಟೈನಲ್ಲಿ ಮೈಸೂರು–ದರ್ಭಂಗಾ ಬಾಗ್ಮತಿ ಎಕ್ಸ್‌ಪ್ರೆಸ್ ಕೂಡ ಲೂಪ್ ಲೈನಿಗೆ ಸರಿದು ಸರಕು ರೈಲಿಗೆ ಡಿಕ್ಕಿ ಹೊಡೆಯಿತು. ಹಲವರು ಗಾಯಗೊಂಡರೂ ಪ್ರಾಣಹಾನಿ ಆಗಲಿಲ್ಲ. ಈ ರೈಲಿನಲ್ಲಿ ಎಲ್.ಎಚ್.ಬಿ. ಬೋಗಿಗಳಿದ್ದವು.

ಬೋಗಿಯ ಗಟ್ಟಿತನವು ಅಪಘಾತದ ಪರಿಣಾಮವನ್ನು ತಗ್ಗಿಸಬಲ್ಲದೇ ಹೊರತು ಅಪಘಾತವನ್ನು ತಡೆಯಲಾರದು. ಕೆಂಪು ಸಿಗ್ನಲ್ ದಾಟುವ ರೈಲಿಗೆ ತಾನಾಗಿಯೇ ಬ್ರೇಕ್ ಹಾಕುವ, ಭಾರತದಲ್ಲೇ ರೂಪಿಸಿದ ಕವಚ್ ವ್ಯವಸ್ಥೆಯನ್ನು ಹಂತಹಂತವಾಗಿ ದೇಶದಲ್ಲಿ ಅಳವಡಿಸಲಾಗುತ್ತಿದೆ. ಆದರೆ ಸಿಗ್ನಲ್ ತಾನೇ ತಪ್ಪು ಮಾಹಿತಿ ನೀಡಿದರೆ ಇಂತಹ ವ್ಯವಸ್ಥೆಯ ನೆರವು ಸೀಮಿತ. ಆದ್ದರಿಂದ ದುರಸ್ತಿಯ ನಿಯಮಗಳ ಪಾಲನೆ ಅಷ್ಟೇ ಮುಖ್ಯವೆನಿಸುತ್ತದೆ.

ರೈಲು ಆಸಕ್ತರು ಮತ್ತು ಸಂಗ್ರಹಾಲಯ

ಎಂಜಿನ್, ಬೋಗಿ, ವೇಳಾಪಟ್ಟಿಗಳನ್ನು ಹವ್ಯಾಸವಾಗಿ ಅಧ್ಯಯನ ಮಾಡುವವರಿಗೆ ಶ್ರೀರಂಗಪಟ್ಟಣದ ಕಾವೇರಿ ಸೇತುವೆಗಳು ಮೆಚ್ಚಿನ ತಾಣ. ಟಿಪ್ಪು ಎಕ್ಸ್‌ಪ್ರೆಸ್‌ಗೆ 2022ರ ಅಕ್ಟೋಬರ್‌ನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಎಂದು ಮರುನಾಮಕರಣ ಮಾಡಿದಾಗ ಅದು ಹವ್ಯಾಸಿಗಳ ವಲಯವನ್ನು ಮೀರಿ ಸಾರ್ವಜನಿಕ ಚರ್ಚೆಯಾಯಿತು. ಮೈಸೂರು ನಿಲ್ದಾಣದ ಸಮೀಪ 1979ರಲ್ಲಿ ಸ್ಥಾಪನೆಯಾದ ರೈಲ್ವೆ ಸಂಗ್ರಹಾಲಯದಲ್ಲಿ ಹಳೆಯ ಉಗಿ ಎಂಜಿನ್‌ಗಳನ್ನೂ ಮೈಸೂರು ಮಹಾರಾಜರ ಕುಟುಂಬ ಬಳಸುತ್ತಿದ್ದ ಬೋಗಿಗಳನ್ನೂ ಕಾಣಬಹುದು.