ರಾಮನ್ ಅಂಗಳದಲ್ಲಿ ವಜ್ರದ ಹಿಟ್ಟು

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗೇಟು ದಾಟಿದರೆ ಮೇಖ್ರಿ ವೃತ್ತದ ಹಾರನ್ನುಗಳು ದೂರವಾಗುತ್ತವೆ. ಜತೆಗೆ ಸೋದರಮಾವ ಬಂದಿದ್ದರು, ಚನ್ನಗಿರಿ ಕಡೆ ಅಡಕೆ ಖೇಣಿ ಹಿಡಿಯುವವರು. ನಾನು ನ್ಯಾಮತಿಯವನು. ಹೊನ್ನಾಳಿ ಸೀಮೆಯವರಿಗೆ ನೆಲದಡಿಯ ಹೊನ್ನು ಹೊಸ ಕತೆಯಲ್ಲ, ಕುದುರೆಕೊಂಡದ ಕಡೆ ಹಿಂದೆ ಚಿನ್ನಕ್ಕೆಂದು ಅಗೆದದ್ದುಂಟು. ವಜ್ರ ಮಾತ್ರ ನಮ್ಮ ಲೆಕ್ಕದಾಚೆಯದು.

1948ರಲ್ಲಿ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ ಅವರಿಗೆ ವಜ್ರದ ಹುಚ್ಚು. ವಸ್ತುಸಂಗ್ರಹಾಲಯದಲ್ಲಿ ಅವರು ಕೂಡಿಟ್ಟ ಕಲ್ಲು, ಹರಳು, ಚಿಪ್ಪು, ಚಿಟ್ಟೆ. ಕತ್ತಲೆ ಕೋಣೆಯಲ್ಲಿ ಅಲ್ಲಿನ ಸಿಬ್ಬಂದಿ ಅತಿನೇರಳೆ ದೀಪ ಹೊತ್ತಿಸಿದರು. ಹೊಲದ ಬದುವಿನಲ್ಲಿ ಬಿದ್ದಿದ್ದರೆ ಎಡವಿ ಮುಂದೆ ಹೋಗುತ್ತಿದ್ದಂಥ ಕಲ್ಲುಗಳು ಹಸಿರು, ಕೆಂಪು ಕೆಂಡವಾದವು. ಮಾವ ಚಪ್ಪಲಿ ಬಿಡುವುದೊಂದು ಬಾಕಿ.

ನಾನು ಬಂದದ್ದು ಕಣ್ಣಿಗೆ ಕಾಣದ ವಜ್ರದ ಜಾಡು ಹಿಡಿದು. ಅದು ಹುಟ್ಟುವುದು ಹೀಗೆ: ಟಿಎನ್‌ಟಿ, ಆರ್‌ಡಿಎಕ್ಸ್ ಬೆರೆಸಿ ಮುಚ್ಚಿದ ಉಕ್ಕಿನ ಕೊಠಡಿಯಲ್ಲಿ ಸಿಡಿಸುತ್ತಾರೆ. ಆಮ್ಲಜನಕ ಸಾಲದೆ ಸಿಡಿಮದ್ದಿನ ಇಂಗಾಲ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಆ ಗಳಿಗೆಯ ಒತ್ತಡಕ್ಕೆ, ಕಾವಿಗೆ ವಜ್ರವಾಗುತ್ತದೆ. ಒತ್ತಡ ಇಳಿದೊಡನೆ ಬೆಳೆಯುವುದು ನಿಂತಿತು. ಅದಕ್ಕೇ ಕಣದ ಅಡ್ಡಳತೆ ಬರೀ 4-5 ನ್ಯಾನೊಮೀಟರ್, ಅದರೊಳಗೆ ಸುಮಾರು ಹತ್ತು ಸಾವಿರ ಪರಮಾಣು. ಸಿಗುವುದು ಕಪ್ಪು ಮಸಿ. ಅದನ್ನು ಕಟು ಆಮ್ಲದಲ್ಲಿ ಕುದಿಸಿ ತೊಳೆದರೆ ಬೂದುಬಣ್ಣದ ಹಿಟ್ಟು. ಸೋವಿಯತ್ ವಿಜ್ಞಾನಿಗಳು 1963ರಲ್ಲಿ ಮೊದಲು ಕಂಡದ್ದು ಇದನ್ನೇ.

“ಇದು ಗೊರಬಲಿಗೂ ಸೇರಲ್ಲ ಬಿಡಪ್ಪ. ವಜ್ರ ಅಂತ ಹೇಳಿದೋರ್ಯಾರು?” ಎಂದರು ಮಾವ. ಗೊರಬಲು ಅಂದರೆ ಅಡಕೆಯಲ್ಲಿ ಕೀಳು ದರ್ಜೆ.

ಅಡಕೆಯನ್ನು ಹಲ್ಲಿಗಿಟ್ಟು ನೋಡಿದ ಹಾಗೆ ಇದನ್ನು ನೋಡಲಾಗದು. ಲೇಸರ್ ಬಿಟ್ಟು, ಚದುರಿ ಬಂದ ಬೆಳಕನ್ನು ಅಳೆಯಬೇಕು. 1928ರ ರಾಮನ್ ಪರಿಣಾಮವೇ ಇಲ್ಲಿ ತಕ್ಕಡಿ. ದೊಡ್ಡ ವಜ್ರವಾದರೆ 1332ರ ಅಂಕಿಯಲ್ಲಿ (ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಲೆಕ್ಕ) ಒಂದೇ ಚೂಪು ಗೆರೆ. ವಿಜ್ಞಾನಿ ಸಿ. ರಾಮಸ್ವಾಮಿ 1930ರಲ್ಲೇ ಕಂಡ ಗೆರೆ ಅದು. ಕಣ ಚಿಕ್ಕದಾದಷ್ಟೂ ಗೆರೆ ಅಗಲವಾಗಿ ಕೆಳಗೆ, 1325ರ ಆಸುಪಾಸಿಗೆ ಜಾರುತ್ತದೆ. ಮೇಲೆ ಅಂಟಿದ ಮಸಿಯ ಗದ್ದಲ ಬೇರೆ. ಅದನ್ನು ಅಡಗಿಸಲು ಅತಿನೇರಳೆ ಲೇಸರ್ ಬೇಕು. ಅಷ್ಟಾದರೂ ಗೆರೆಯೊಂದನ್ನೇ ನಂಬಿ ಯಾರೂ ಸಹಿ ಹಾಕುವುದಿಲ್ಲ, ಎಕ್ಸ್‌ರೇ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷಿಯೂ ಆಗಬೇಕು.

ಇದೇ ವಜ್ರದ ವಿಷಯದಲ್ಲಿ ರಾಮನ್ ಎಡವಿದ್ದನ್ನೂ ಹೇಳಬೇಕು. ಹರಳಿನ ಕಂಪನಗಳ ಬಗ್ಗೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಜೊತೆ ವರ್ಷಗಟ್ಟಲೆ ಜಗಳವಾಡಿದರು. ಗೆದ್ದದ್ದು ಬಾರ್ನ್ ವಾದ. ಹಟಕ್ಕೆ ಬಿದ್ದರೆ ನೊಬೆಲ್ ಪಡೆದವರೂ ನಮ್ಮಂತೆಯೇ.

ಮೇಣದ ಬತ್ತಿಯ ಉರಿಯಲ್ಲೂ ಸೆಕೆಂಡಿಗೆ ಸುಮಾರು 15 ಲಕ್ಷ ಇಂಥ ಕಣ್ಣಿಗೆ ಕಾಣದ ವಜ್ರಕಣ ಹುಟ್ಟಿ ಸುಟ್ಟುಹೋಗುತ್ತವೆಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದವರು 2011ರಲ್ಲಿ ಲೆಕ್ಕ ಕೊಟ್ಟರು. ಇದನ್ನು ಮಾವನಿಗೆ ಹೇಳಿದೆ. ಜಗಳೂರಿನ ಅತ್ತೆ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಎಷ್ಟು ವಜ್ರ ಊದಿ ಆರಿಸಿದೆನೋ ಎಂದು ನಕ್ಕರು.

ನೀವು ಹೋಗುವುದಾದರೆ ಮೊದಲೇ ಬರೆದು ಅನುಮತಿ ಪಡೆಯಿರಿ. ಕತ್ತಲೆ ಕೋಣೆ ನೋಡದೆ ಬರಬೇಡಿ.