ಮಾತು ಬಿಟ್ಟು ಹತ್ತಬೇಕಾದ ಗುಡ್ಡ

ಜಯನಗರದಿಂದ ಗಾಂಧಿಬಜಾರಿಗೆ ಹೂವು, ಹಣ್ಣು ತರಲು ಹೋಗುವವರು ಡಿ.ವಿ.ಜಿ. ರಸ್ತೆಯಲ್ಲಿ ಓಡಾಡುತ್ತಾರೆ. ಪಕ್ಕದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಡಿ.ವಿ.ಜಿ.ಯವರ ಪ್ರತಿಮೆಯೂ ಇದೆ. ನಮ್ಮ ಸಾಹಿತಿಗಳ ನೆನಪು ಸಾಮಾನ್ಯವಾಗಿ ಉಳಿಯುವುದು ಹೀಗೆ: ರಸ್ತೆಯ ಫಲಕದಲ್ಲಿ, ಇಲ್ಲವೇ ಪ್ರತಿಮೆಯಲ್ಲಿ. ಸಾಹಿತಿಯ ಸಮಾಧಿಗೆ ಹೋಗಿಬರುವ ರೂಢಿ ನಮ್ಮಲ್ಲಿ ಕಡಿಮೆ. ದಹನ ಸಂಸ್ಕಾರ ಮಾಡಿ ಬೂದಿಯನ್ನು ನೀರಿಗೆ ಬಿಡುವ ಮನೆತನಗಳಲ್ಲಿ ಸಮಾಧಿಯೇ ಇರುವುದಿಲ್ಲ. ಗದ್ದುಗೆ, ಬೃಂದಾವನ, ದರ್ಗಾಗಳೇನಿದ್ದರೂ ಶರಣರಿಗೆ, ಯತಿಗಳಿಗೆ, ಸೂಫಿ ಸಂತರಿಗೆ.

ಇದಕ್ಕೆ ದೊಡ್ಡ ಅಪವಾದವೆಂದರೆ ಕುವೆಂಪು ಅವರ ಕವಿಶೈಲ. ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ಕವಿ ಬೆಳೆದ ಮನೆಯ ಬಳಿಯ ಗುಡ್ಡದ ನೆತ್ತಿ ಇದು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಕಾಲೇಜು ಓದು, ಕುಲಪತಿ ಹುದ್ದೆ ಎರಡೂ ಮೈಸೂರಿನಲ್ಲಿ. ಆದರೆ ಊರಿಗೆ ಬಂದಾಗಲೆಲ್ಲ ಈ ಬಂಡೆಗಳ ಮೇಲೆ ಕುಳಿತು ಸೂರ್ಯೋದಯ, ಸೂರ್ಯಾಸ್ತ ನೋಡುತ್ತಿದ್ದರು. ಕವಿಶೈಲವೆಂದು ಹೆಸರಿಟ್ಟವರೂ ಅವರೇ. ಆ ಹೆಸರಿನಲ್ಲಿ ಸಾನೆಟ್ಟುಗಳನ್ನೂ ಬರೆದರು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದಾಗ ಅಂತ್ಯಕ್ರಿಯೆ ನಡೆದದ್ದು ಇಲ್ಲಿಯೇ. ಬದುಕಿದ್ದಾಗಲೇ ಮೆಚ್ಚಿ ಆರಿಸಿಕೊಂಡಿದ್ದ ಜಾಗ ಕಡೆಯ ನೆಲೆಯೂ ಆಯಿತು.

ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದರೆ ಬೆಳಿಗ್ಗೆ ತೀರ್ಥಹಳ್ಳಿ. ಅಲ್ಲಿಂದ ಕುಪ್ಪಳಿಗೆ ಸುಮಾರು 15 ಕಿ.ಮೀ. ಮೊದಲು ಸಿಗುವುದು ವಸ್ತುಸಂಗ್ರಹಾಲಯವಾಗಿರುವ ತೊಟ್ಟಿಮನೆ, ‘ಕವಿಮನೆ’. ಅಲ್ಲಿಂದ ಕಾಡಿನ ನಡುವೆ ನಡೆದೇ ಹತ್ತಬಹುದು. 2007ರಲ್ಲಿ ತೀರಿಕೊಂಡ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ. ಮಳೆಗಾಲದಲ್ಲಿ ಹೊರಟರೆ ಇಂಬಳದ ಕಾಟ ತಪ್ಪದು.

ಮೇಲೆ ಸಮಾಧಿಯ ಸುತ್ತ ಭಾರಿ ಕಲ್ಲುಕಂಬಗಳು ನಿಂತಿವೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳನ್ನು ಕಂಡವರಿಗೆ, ಸತ್ತವರಿಗಾಗಿ ಕಲ್ಲು ನಿಲ್ಲಿಸುವುದು ನಮ್ಮ ನಾಡಿಗೂ ಹಳೆಯದೆಂದು ಗೊತ್ತು. ಇಲ್ಲಿ ಗರ್ಭಗುಡಿಯಿಲ್ಲ, ಮೇಲೆ ಚಾವಣಿಯಿಲ್ಲ. 1966ರಲ್ಲಿ ತೇಜಸ್ವಿಯವರ ಮದುವೆಗೆಂದು ಆಡಂಬರವಿಲ್ಲದ ‘ಮಂತ್ರಮಾಂಗಲ್ಯ’ವನ್ನು ರೂಪಿಸಿದ ಕವಿಗೆ ಒಪ್ಪುವ ಸಮಾಧಿ ಇದು.

ಹಾಗಾದರೆ ಹೋದವರು ಮಾಡಬೇಕಾದದ್ದೇನು? ಅದನ್ನೂ ಕವಿಯೇ ಸೂಚಿಸಿದ್ದಾರೆ. ಇಲ್ಲಿಗೆ ಬಂದ ಗೆಳೆಯರು ಮಾತು ಬಿಟ್ಟು ಸುಮ್ಮನೆ ಕೂರಬೇಕೆಂಬುದು ಅವರ ಸಾನೆಟ್ಟಿನ ಆಶಯ. ಊಟದ ಬುತ್ತಿ, ಹಾಡಿನ ಪೆಟ್ಟಿಗೆ ಹೊತ್ತು ಗುಂಪಾಗಿ ಹೋಗುವ ನಮಗೆ ಪೂಜೆಗಿಂತ ಇದೇ ಕಷ್ಟ. ಒಂದು ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಕೆತ್ತಿದ ಹೆಸರಿನ ಗುರುತುಗಳಿವೆ. ಅದರ ಪಕ್ಕದಲ್ಲಿ ತಮ್ಮದನ್ನೂ ಗೀಚುವ ಆಸೆ ಯಾರಿಗಾದರೂ ಬಂದೀತು. ಬೇಡ. ಆ ಗುಡ್ಡಕ್ಕೆ ಆ ಮೂರು ಹೆಸರು ಸಾಕು.